ವಾಲ್‌ಹಾಲಾ: ಸೌದೆ ಸಾಲದೆ ನಿಂತ ಚಿನ್ನದ ಊರು

"ಇಷ್ಟೊಂದು ಮರ ಐತಲ್ಲೋ, ಇವ್ರಿಗೆ ಸೌದೆ ಹೆಂಗೆ ಸಾಲದೆ ಹೋಯ್ತು?"

ವಾಲ್‌ಹಾಲಾದ ಗಣಿ ಬಾಗಿಲಲ್ಲಿ ನಿಂತು ಅಪ್ಪ ಕೇಳಿದ ಪ್ರಶ್ನೆ ಇದು. 1914ರಲ್ಲಿ ಗಣಿಗಳು ಮುಚ್ಚಿದವು, ಸೌದೆ ದುಬಾರಿಯಾಗಿದ್ದೂ ಅದಕ್ಕೊಂದು ದೊಡ್ಡ ಕಾರಣ ಅಂತ ಗೈಡ್ ಆಗಷ್ಟೇ ಹೇಳಿ ಮುಗಿಸಿದ್ದರು. ಕತ್ತೆತ್ತಿ ನೋಡಿದರೆ ಗುಡ್ಡದ ಬುಡದಿಂದ ನೆತ್ತಿಯವರೆಗೆ ಮರವೋ ಮರ. ನಡುವೆ ಒಂದು ತೊರೆ, ತೊರೆಯ ಪಕ್ಕ ಒಂದು ರಸ್ತೆ, ರಸ್ತೆಗೆ ಅಂಟಿಕೊಂಡಂತೆ ಒಂದಷ್ಟು ಹಳೇ ಕಟ್ಟಡ. ಊರು ಅಂದರೆ ಅಷ್ಟೇ. ಉಳಿದಿದ್ದೆಲ್ಲ ಕಾಡು.

ಅಪ್ಪ ಬಂಗಾರಪೇಟೆಯವರು. ಕೆ.ಜಿ.ಎಫ್. ಗಣಿಯ ಸ್ಟೋರ್ಸ್‌ನಲ್ಲಿ ಕೆಲಸ ಮಾಡಿದವರು. ಯಾವ ಸಾಮಾನು ಎಷ್ಟು ಬಂತು, ಎಷ್ಟು ಹೋಯಿತು ಅಂತ ಜೀವಮಾನವೆಲ್ಲ ಲೆಕ್ಕ ಬರೆದವರಿಗೆ ಇಂಥ ಮಾತು ಸುಮ್ಮನೆ ಗಂಟಲಲ್ಲಿ ಇಳಿಯುವುದಿಲ್ಲ. ಆವತ್ತು ನಾನು "ಆಗ ಕಾಡು ಇರಲಿಲ್ಲಪ್ಪ" ಅಂತ ಒಂದೇ ಸಾಲಿನಲ್ಲಿ ಹೇಳಿ ಜಾರಿಕೊಂಡೆ. ನಿಜವಾದ ಉತ್ತರ ಅದಕ್ಕಿಂತ ಉದ್ದ, ಅದಕ್ಕಿಂತ ಸ್ವಾರಸ್ಯ. ಈ ಊರಿಗೆ ಹೋಗುವವರು ಆ ಉತ್ತರ ತಿಳಿದುಕೊಂಡು ಹೋದರೆ ಕಾಣುವುದೇ ಬೇರೆ.

ಮೊದಲು ಊರು ಎಲ್ಲಿದೆ ಅಂತ ಹೇಳಿಬಿಡುತ್ತೇನೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ. ಮೆಲ್ಬರ್ನ್‌ನಿಂದ ಪೂರ್ವಕ್ಕೆ ಸುಮಾರು 180 ಕಿ.ಮೀ., ಕಾರಿನಲ್ಲಿ ಎರಡೂವರೆ ಗಂಟೆ. ಮೋ ಎಂಬ ಊರಿನವರೆಗೆ ಹೆದ್ದಾರಿ, ಆಮೇಲೆ ಬೆಟ್ಟದ ದಾರಿ. ಕೊನೆಯ ಹತ್ತು ಹದಿನೈದು ಕಿಲೋಮೀಟರ್ ನಮ್ಮ ಚಾರ್ಮಾಡಿ ಘಾಟಿಯ ತಮ್ಮನ ಹಾಗೆ ಸುತ್ತಿಸುತ್ತದೆ. ಈ ಸೀಮೆ ಗುನೈಕುರ್ನೈ ಎಂಬ ಮೂಲನಿವಾಸಿಗಳದು. ಚಿನ್ನ ಸಿಗುವುದಕ್ಕೆ ಸಾವಿರಾರು ವರ್ಷ ಮೊದಲಿನಿಂದ ಈ ಕಾಡು ಕಣಿವೆ ಅವರದೇ ಆಗಿತ್ತು.

ಹೊಳೆಯ ಚಿನ್ನ, ಕಲ್ಲಿನ ಚಿನ್ನ

1862ರ ಕೊನೆಗೆ ನೆಡ್ ಸ್ಟ್ರಿಂಜರ್ ಎಂಬಾತ ಮತ್ತು ಅವನ ಜೊತೆಗಾರರಿಗೆ ಇಲ್ಲಿನ ತೊರೆಯಲ್ಲಿ ಚಿನ್ನ ಕಂಡಿತು. ಸ್ಟ್ರಿಂಜರ್ ಹಿಂದೆ ಶಿಕ್ಷೆ ಪಡೆದು ಹಡಗಿನಲ್ಲಿ ಬಂದಿದ್ದ ಕೈದಿ. ಹಕ್ಕು ನೋಂದಾಯಿಸಿದ್ದು 1863ರ ಜನವರಿಯಲ್ಲಿ. ಅದೇ ವರ್ಷ ಅವನು ಕಾಯಿಲೆ ಬಿದ್ದು ತೀರಿಕೊಂಡ. ತೊರೆಗೆ ಮಾತ್ರ ಇವತ್ತಿಗೂ ಸ್ಟ್ರಿಂಜರ್ಸ್ ಕ್ರೀಕ್ ಅಂತಲೇ ಹೆಸರು. ಊರನ್ನೂ ಮೊದಲು ಹಾಗೆಯೇ ಕರೆಯುತ್ತಿದ್ದರು. ವಾಲ್‌ಹಾಲಾ ಅನ್ನುವುದು ಆಮೇಲೆ ಬಂದ ಹೆಸರು, ಇಲ್ಲಿನ ಒಂದು ಗಣಿಯಿಂದ ಬಂದದ್ದು. ಉತ್ತರ ಯುರೋಪಿನ ಪುರಾಣದಲ್ಲಿ ಯುದ್ಧದಲ್ಲಿ ಮಡಿದ ವೀರರು ಸೇರುವ ಮಹಲು ಅದು. ನಮ್ಮ ವೀರಗಲ್ಲುಗಳ ಮೇಲಿನ ಪಟ್ಟಿಯಲ್ಲಿ ಕೆತ್ತಿರುವ ವೀರಸ್ವರ್ಗ ಇದೆಯಲ್ಲ, ಹಾಗೆ.

ತೊರೆಯಲ್ಲಿ ಚಿನ್ನ ಹುಡುಕುವುದು ಕಷ್ಟದ ವಿದ್ಯೆ ಏನಲ್ಲ. ಬೆಟ್ಟದ ಕಲ್ಲು ಸವೆದು ಮರಳಾಗಿ ನೀರಿನೊಂದಿಗೆ ಬರುತ್ತದೆ. ಚಿನ್ನ ಭಾರ. ಅದು ತಳದಲ್ಲಿ ಕೂರುತ್ತದೆ. ಮರಳನ್ನು ತಟ್ಟೆಯಲ್ಲಿ ಹಾಕಿ ನೀರಲ್ಲಿ ಜಾಲಿಸಿದರೆ ಹಗುರವಾದದ್ದು ತೇಲಿ ಹೋಗಿ ಭಾರವಾದದ್ದು ಉಳಿಯುತ್ತದೆ. ಅಕ್ಕಿಯಲ್ಲಿ ಕಲ್ಲು ಜಾಲಿಸುವುದೂ ಇದೇ ತಾನೆ. ಗದಗದ ಕಪ್ಪತಗುಡ್ಡದ ಹಳ್ಳಗಳಲ್ಲಿ ಹೀಗೆ ಮರಳು ಜಾಲಿಸಿ ಚಿನ್ನ ತೆಗೆಯುತ್ತಿದ್ದವರನ್ನು ಜಾಲಗಾರರು ಅಂತಲೇ ಕರೆಯುತ್ತಿದ್ದರು. ಇದಕ್ಕೆ ಬಂಡವಾಳ ಬೇಡ, ಯಂತ್ರ ಬೇಡ, ಸೌದೆಯಂತೂ ಗಂಜಿ ಬೇಯಿಸುವಷ್ಟು ಸಾಕು. ಆದರೆ ಈ ಚಿನ್ನ ಬೇಗ ಮುಗಿಯುತ್ತದೆ.

ವಾಲ್‌ಹಾಲಾವನ್ನು ಊರು ಮಾಡಿದ್ದು ಇನ್ನೊಂದು ಬಗೆಯ ಚಿನ್ನ. ಸ್ಟ್ರಿಂಜರ್ ಬಂದುಹೋದ ಕೆಲವೇ ವಾರಗಳಲ್ಲಿ ಗುಡ್ಡದ ಕಲ್ಲಿನೊಳಗೇ ಒಂದು ದೊಡ್ಡ ಎಳೆ ಸಿಕ್ಕಿತು. ಅದಕ್ಕೆ ಕೋಹೆನ್ಸ್ ರೀಫ್ ಅಂತ ಹೆಸರಾಯಿತು. ಹಳೇ ಕಾಲದಲ್ಲಿ ಭೂಮಿಯೊಳಗೆ ಬಂಡೆ ಬಿರಿದು ಸೀಳು ಬಿಟ್ಟಿದೆ. ಕೆಳಗಿನಿಂದ ಬಂದ ಕುದಿನೀರು ಆ ಸೀಳಿನಲ್ಲಿ ಹರಿದಿದೆ. ಆ ನೀರಿನಲ್ಲಿ ಕರಗಿದ್ದ ಬಿಳಿಕಲ್ಲು, ಅಂದರೆ ಕ್ವಾರ್ಟ್ಜ್, ಅದರ ಜೊತೆ ಒಂದಿಷ್ಟು ಚಿನ್ನ, ಎರಡೂ ಅಲ್ಲೇ ಹೆಪ್ಪುಗಟ್ಟಿವೆ. ಗೋಡೆಯ ಬಿರುಕಿಗೆ ಸಿಮೆಂಟು ಮೆತ್ತಿದ ಹಾಗೆ. ಈ ಬಿಳಿ ಎಳೆ ಸುಮಾರಾಗಿ ನೆಟ್ಟಗೆ ಪಾತಾಳಕ್ಕೆ ಇಳಿಯುತ್ತದೆ. ಕೋಲಾರದಲ್ಲಿ ಬಂಡೆ ಬೇರೆ, ಅದರ ವಯಸ್ಸು ಬಹಳ ಜಾಸ್ತಿ. ಆದರೂ ಕ್ವಾರ್ಟ್ಜ್ ಎಳೆಯಲ್ಲಿ ಚಿನ್ನ ಕೂತಿರುವ ಬಗೆ ಇದೇ.

ಈ ಚಿನ್ನ ಕಣ್ಣಿಗೆ ಕಾಣುವುದು ಅಪರೂಪ. ಒಂದು ಟನ್ ಕಲ್ಲಿನಲ್ಲಿ 30 ಗ್ರಾಂ ಸಿಕ್ಕರೆ ಆ ಕಾಲದ ಲೆಕ್ಕದಲ್ಲೂ ಒಳ್ಳೆಯ ಗಣಿ. 30 ಗ್ರಾಂ ಅಂದರೆ ಒಂದು ಸಾಧಾರಣ ಸರ. ಆ ಒಂದು ಸರಕ್ಕೆ ಒಂದು ಟನ್ ಬಂಡೆಯನ್ನು ಒಡೆಯಬೇಕು, ಮೇಲೆ ತರಬೇಕು, ಹಿಟ್ಟು ಮಾಡಬೇಕು. ಎಳೆ ಕೆಳಕ್ಕೆ ಹೋದಷ್ಟೂ ಗಣಿಯೂ ಕೆಳಕ್ಕೆ ಹೋಗಬೇಕು. ಇದು ಒಬ್ಬಿಬ್ಬರು ಸಲಿಕೆ ಹಿಡಿದು ಮಾಡುವ ಕೆಲಸವಲ್ಲ. ಕಂಪನಿ ಬೇಕು, ಷೇರು ಬೇಕು, ಯಂತ್ರ ಬೇಕು. ಯಂತ್ರಕ್ಕೆ ಹಬೆ ಬೇಕು. ಹಬೆಗೆ ಸೌದೆ ಬೇಕು.

ಗಣಿಯ ಹೊಟ್ಟೆಗೆ ಎಷ್ಟು ಸೌದೆ?

ನೋಡಲು ಸಿಗುವ ಗಣಿಯ ಹೆಸರು ಲಾಂಗ್ ಟನೆಲ್ ಎಕ್ಸ್‌ಟೆಂಡೆಡ್. ಗುಡ್ಡದ ಪಕ್ಕೆಯಲ್ಲಿ ಒಂದು ಸುರಂಗ. ಗೈಡ್ ಜೊತೆ ಒಳಗೆ ನಡೆದುಕೊಂಡೇ ಹೋಗಬಹುದು, ಏಣಿ ಹತ್ತುವ ಇಳಿಯುವ ತಾಪತ್ರಯ ಇಲ್ಲ. ಒಳಗೆ ಕಲ್ಲನ್ನೇ ಕೊರೆದು ಮಾಡಿದ ದೊಡ್ಡ ಯಂತ್ರದ ಕೋಣೆ ಇದೆ. ಒಂದು ಕಲ್ಯಾಣ ಮಂಟಪದ ಊಟದ ಹಾಲ್‌ನಷ್ಟು ಅನಿಸಿತು ನನಗೆ. ಅಲ್ಲಿಂದ ಶಾಫ್ಟ್, ಅಂದರೆ ಬಾವಿಯ ಹಾಗೆ ನೆಟ್ಟಗೆ ತೋಡಿದ ಗುಂಡಿ, ಕೆಳಕ್ಕೆ 900 ಮೀಟರ್‌ಗೂ ಜಾಸ್ತಿ ಇಳಿಯುತ್ತದೆ. ಈಗ ಅದರಲ್ಲಿ ನೀರು ತುಂಬಿದೆ. ಈ ಒಂದು ಗಣಿಯಿಂದಲೇ 13 ಟನ್‌ಗಿಂತ ಹೆಚ್ಚು ಚಿನ್ನ ಬಂದಿದೆ. ಹತ್ತೊಂಬತ್ತನೇ ಶತಮಾನದ ಆಸ್ಟ್ರೇಲಿಯಾದಲ್ಲಿ ಷೇರುದಾರರಿಗೆ ಚೆನ್ನಾಗಿ ಲಾಭ ಹಂಚಿದ ಗಣಿಗಳಲ್ಲಿ ಇದೂ ಒಂದು.

ಯಂತ್ರದ ಕೋಣೆಯಲ್ಲಿ ನಿಂತು ನಾನೊಂದು ಕೈಲೆಕ್ಕ ಹಾಕಿದೆ. ಒಂದು ಟನ್ ಕಲ್ಲನ್ನು 900 ಮೀಟರ್ ಮೇಲಕ್ಕೆ ಎತ್ತಲು ಬೇಕಾದ ಶಕ್ತಿ ಈಗಿನ ಭಾಷೆಯಲ್ಲಿ ಸುಮಾರು ಎರಡೂವರೆ ಯೂನಿಟ್ ಕರೆಂಟು. ಅಷ್ಟೇನಾ ಅನಿಸುತ್ತದೆ, ಅಲ್ವಾ? ಮನೆಯ ಗೀಸರ್ ಒಂದು ಗಂಟೆ ಚಿಲ್ಲರೆ ಹಾಕಿದರೆ ಮುಗಿಯಿತು. ಆದರೆ ಸೌದೆಯಿಂದ ಹಬೆ, ಹಬೆಯಿಂದ ಚಕ್ರ ಅನ್ನುವ ದಾರಿಯಲ್ಲಿ ಬಹುಪಾಲು ಬಿಸಿ ಚಿಮಣಿಯಿಂದ ಆಕಾಶಕ್ಕೆ ಹೋಗುತ್ತದೆ. ಆ ಕಾಲದ ಉಗಿಯಂತ್ರದಲ್ಲಿ ನೂರರಲ್ಲಿ ಐದೋ ಹತ್ತೋ ಪಾಲು ಮಾತ್ರ ಕೆಲಸಕ್ಕೆ ಬರುತ್ತಿತ್ತು ಅಂತ ಇಟ್ಟುಕೊಳ್ಳಿ. ಒಣ ಸೌದೆ ಒಂದು ಕೆ.ಜಿ. ಉರಿದರೆ ಸುಮಾರು ನಾಲ್ಕು ಯೂನಿಟ್ ಬಿಸಿ. ಅಂದರೆ ಒಂದು ಟನ್ ಕಲ್ಲು ಎತ್ತಲಿಕ್ಕೇ ಆರರಿಂದ ಹನ್ನೆರಡು ಕೆ.ಜಿ. ಸೌದೆ ಹೋಯಿತು.

ಇದು ಬರೀ ಕಲ್ಲು ಎತ್ತುವ ಲೆಕ್ಕ, ಅದೂ ಹಗ್ಗದ ಭಾರ ಬಿಟ್ಟು. ನಿಜವಾದ ಖರ್ಚು ಬೇರೆ ಕಡೆ ಇದೆ. ಮೊದಲನೆಯದು ನೀರು. ನೆಲದೊಳಗೆ ತೋಡಿದ ಯಾವ ಗುಂಡಿಯೂ ಬಾವಿಯೇ. ಮಳೆ ಜೋರಾಗಿ ಬರುವ ಬೆಟ್ಟದ ಸೀಮೆಯಲ್ಲಿ, ತೊರೆಯ ಪಕ್ಕದಲ್ಲೇ, ಅಷ್ಟು ಆಳದ ಬಾವಿ ತೋಡಿಕೊಂಡು ಅದನ್ನು ಒಣಗಿಸಿಟ್ಟುಕೊಳ್ಳಬೇಕು. ಕಲ್ಲು ಒಡೆಯುವುದನ್ನು ಭಾನುವಾರ ನಿಲ್ಲಿಸಬಹುದು. ಪಂಪು ನಿಲ್ಲಿಸಲು ಆಗುವುದಿಲ್ಲ. ಚಿನ್ನ ಸಿಗಲಿ ಬಿಡಲಿ, ಸೌದೆ ಉರಿಯುತ್ತಲೇ ಇರಬೇಕು.

ಎರಡನೆಯದು ಅರೆಯುವುದು. ಮೇಲೆ ಬಂದ ಕಲ್ಲನ್ನು ಸಾಲಾಗಿ ನಿಲ್ಲಿಸಿದ ಕಬ್ಬಿಣದ ಒನಕೆಗಳ ಕೆಳಗೆ ಹಾಕುತ್ತಿದ್ದರು. ಹೆಂಗಸರು ಭತ್ತ ಕುಟ್ಟುವ ಒನಕೆಯದೇ ತತ್ವ, ಆದರೆ ಒಂದೊಂದೂ ನೂರಾರು ಕೆ.ಜಿ. ತೂಕ. ಅದು ಎದ್ದು ಬೀಳುತ್ತಿರುತ್ತದೆ, ಹಗಲೂ ರಾತ್ರಿ. ಇಕ್ಕಟ್ಟಾದ ಕಣಿವೆಯಲ್ಲಿ ಆ ಸದ್ದು ಎರಡೂ ಗುಡ್ಡಕ್ಕೆ ಬಡಿದು ವಾಪಸ್ ಬರುತ್ತಿದ್ದಿರಬೇಕು. ಹಿಟ್ಟಾದ ಕಲ್ಲನ್ನು ನೀರಿನೊಂದಿಗೆ ಪಾದರಸ ಸವರಿದ ತಾಮ್ರದ ತಗಡಿನ ಮೇಲೆ ಹರಿಸುತ್ತಿದ್ದರು. ಪಾದರಸ ಚಿನ್ನವನ್ನು ಹಿಡಿದುಕೊಳ್ಳುತ್ತದೆ, ಕಲ್ಲಿನ ಪುಡಿಯನ್ನು ಬಿಟ್ಟುಬಿಡುತ್ತದೆ. ಹಳೇ ಕಾಲದ ಅಕ್ಕಸಾಲಿಗರಿಗೆ ಈ ಗುಟ್ಟು ಗೊತ್ತಿತ್ತು. ಆ ಮುದ್ದೆಯನ್ನು ಕೆರೆದು ಕಾಯಿಸಿದರೆ ಪಾದರಸ ಆವಿಯಾಗಿ, ಚಿನ್ನ ಉಳಿಯುತ್ತದೆ. ಮತ್ತೆ ಬೆಂಕಿ, ಮತ್ತೆ ಸೌದೆ.

ಇಷ್ಟರ ಮೇಲೆ ಸುರಂಗ ಕುಸಿಯದಂತೆ ಆನಿಸಲು ದಿಮ್ಮಿ. ಮನೆ ಕಟ್ಟಲು ಹಲಗೆ. ಇಟ್ಟಿಗೆ ಸುಡಲು, ಬ್ರೆಡ್ ಬೇಯಿಸಲು, ಚಳಿ ಕಾಯಿಸಲು ಸೌದೆ. ಭರಾಟೆಯ ದಿನಗಳಲ್ಲಿ ಇಲ್ಲಿ ನಾಲ್ಕು ಸಾವಿರದಷ್ಟು ಜನ ಇದ್ದರು. ಚಳಿಗಾಲದಲ್ಲಿ ಈ ಕಣಿವೆಗೆ ಬಿಸಿಲು ತಡವಾಗಿ ಬಂದು ಬೇಗ ಹೋಗುತ್ತದೆ. ಜುಲೈ ತಿಂಗಳಲ್ಲಿ ಒಂದು ರಾತ್ರಿ ಇದ್ದು ನೋಡಿ, ಆ ಜನ ಒಲೆಗೆ ಎಷ್ಟು ಹಾಕಿರಬೇಕು ಅಂತ ಗೊತ್ತಾಗುತ್ತದೆ.

ಊರಿನ ಹಳೆಯ ಫೋಟೋಗಳನ್ನು ಮರೆಯದೆ ನೋಡಿ. ನನ್ನ ಪ್ರಕಾರ ವಾಲ್‌ಹಾಲಾದಲ್ಲಿ ನೋಡಬೇಕಾದ ಮೊದಲ ವಸ್ತು ಗಣಿಯಲ್ಲ, ಈ ಫೋಟೋಗಳು. ಅದೇ ಕಣಿವೆ, ಅದೇ ತಿರುವು, ಆದರೆ ಗುಡ್ಡಗಳು ಬೋಳು. ತಲೆ ಬೋಳಿಸಿಕೊಂಡು ತಿರುಪತಿಯಿಂದ ಬಂದ ಹಾಗೆ. ಬುಡಗಳು ಮಾತ್ರ ಕಾಣುತ್ತವೆ, ನಡುವೆ ಮನೆಗಳು, ಚಿಮಣಿಗಳು. ಊರಿನ ಹತ್ತಿರದ ಮರ ಮೊದಲು ಹೋಯಿತು. ಆಮೇಲೆ ಇನ್ನೊಂದು ಗುಡ್ಡ, ಆಮೇಲೆ ಅದರಾಚೆಯ ಕಣಿವೆ. ಸೌದೆ ಸಾಗಿಸಲು ಕಾಡಿನೊಳಗೆ ಟ್ರಾಮ್ ಹಳಿ ಹಾಕಿದರು. ಥಾಮ್ಸನ್ ನದಿಯ ಆಚೆ ದಡದ ಮರಕ್ಕಾಗಿ ನದಿಗೆ ಕಬ್ಬಿಣದ ಸೇತುವೆಯನ್ನೇ ಕಟ್ಟಿದರು. ಪಾವರ್ಟಿ ಪಾಯಿಂಟ್ ಅನ್ನುವ ಆ ಸೇತುವೆ ಇವತ್ತಿಗೂ ನಿಂತಿದೆ, ಕಾಡಿನ ನಡುವೆ ಒಂಟಿಯಾಗಿ. ಟ್ರಾಮ್ ಹಳಿ ಇದ್ದ ಸಮತಟ್ಟಾದ ದಾರಿಯಲ್ಲಿ ನಡೆದು ಹೋದರೆ ಸಿಗುತ್ತದೆ. ಚಿನ್ನದ ಗಣಿ ಸೌದೆಗಾಗಿ ಎಷ್ಟು ದೂರ ಕೈಚಾಚಿತು ಅಂತ ತಿಳಿಯಲು ಆ ನಡಿಗೆ ಸಾಕು.

ಸೌದೆ ಬೆಲೆ ಏರಿತು, ಚಿನ್ನದ್ದು ಏರಲಿಲ್ಲ

ಇಲ್ಲಿ ಒಂದು ಪ್ರಶ್ನೆ ಬರುತ್ತದೆ. ಸೌದೆ ದುಬಾರಿಯಾದರೆ ಏನಾಯಿತು, ಚಿನ್ನದ ಬೆಲೆ ಏರಿಸಿಕೊಂಡರಾಯಿತಲ್ಲ? ಈಗಿನ ನಮಗೆ ಹಾಗೆ ಅನಿಸುವುದು ಸಹಜ. ದಿನಾ ಬೆಳಿಗ್ಗೆ ಪೇಪರಿನಲ್ಲಿ ಚಿನ್ನದ ದರ ನೋಡಿ ನಿಟ್ಟುಸಿರು ಬಿಡುವವರು ನಾವು.

ಆಗ ಹಾಗಿರಲಿಲ್ಲ. ಬ್ರಿಟಿಷ್ ಸಾಮ್ರಾಜ್ಯದಲ್ಲಿ ಚಿನ್ನ ಅಂದರೆ ಮಾರುವ ಸಾಮಾನು ಅಲ್ಲ, ಅದೇ ದುಡ್ಡು. ಒಂದು ಔನ್ಸ್ 22 ಕ್ಯಾರಟ್ ಚಿನ್ನಕ್ಕೆ 3 ಪೌಂಡ್ 17 ಶಿಲಿಂಗ್ ಹತ್ತೂವರೆ ಪೆನ್ನಿ ಅಂತ ದರ ಕಟ್ಟಿಟ್ಟಿದ್ದರು. ಈ ದರ 1717ರಷ್ಟು ಹಳೆಯದು. ಆಗ ಟಂಕಸಾಲೆಯ ಮುಖ್ಯಸ್ಥನಾಗಿದ್ದವನು ಐಸಾಕ್ ನ್ಯೂಟನ್, ಹೌದು, ಅದೇ ಸೇಬಿನ ನ್ಯೂಟನ್. ನೆಪೋಲಿಯನ್ ಯುದ್ಧದ ಸುತ್ತಿನ ವರ್ಷಗಳನ್ನು ಬಿಟ್ಟರೆ 1914ರವರೆಗೂ ಅದೇ ದರ ನಡೆಯಿತು.

ಈಗ ಗಣಿ ಮ್ಯಾನೇಜರನ ಜಾಗದಲ್ಲಿ ಕೂತು ಯೋಚಿಸಿ. ಮಾರುವ ಸಾಮಾನಿನ ಬೆಲೆ ಏರುವುದಿಲ್ಲ. ಸೌದೆ ದೂರ ಹೋದಂತೆ ಅದರ ಬೆಲೆ ಏರುತ್ತದೆ. ಗಣಿ ಆಳವಾದಂತೆ ಅದೇ ಕಲ್ಲಿಗೆ ಹೆಚ್ಚು ಸೌದೆ ಬೇಕು. ಅದರ ಮೇಲೆ, ಆಳಕ್ಕೆ ಹೋದಂತೆ ಕಲ್ಲಿನಲ್ಲಿ ಚಿನ್ನದ ಪಾಲೂ ಕಡಿಮೆಯಾಗುತ್ತಿದೆ. ನಾಲ್ಕೂ ಒಟ್ಟಿಗೆ ಹಿಂಡುತ್ತವೆ. ಹಾಗಾಗಿ "ಚಿನ್ನ ಮುಗಿಯಿತು" ಅನ್ನುವುದು ಪೂರ್ತಿ ನಿಜವಲ್ಲ, "ಸೌದೆ ಮುಗಿಯಿತು" ಅನ್ನುವುದೂ ಪೂರ್ತಿ ನಿಜವಲ್ಲ. ಒಂದು ಸರದಷ್ಟು ಚಿನ್ನ ತೆಗೆಯಲು ಆಗುವ ಖರ್ಚು, ಆ ಸರದ ಬೆಲೆಯನ್ನೇ ಮೀರಿತು. ಆವತ್ತು ಗಣಿ ನಿಂತಿತು.

ಕೆ.ಜಿ.ಎಫ್. ಯಾಕೆ ನಿಲ್ಲಲಿಲ್ಲ?

ಅಪ್ಪನ ಎರಡನೇ ಪ್ರಶ್ನೆ ಇದು. ನಮ್ಮ ಗಣಿ ಇದಕ್ಕಿಂತ ಆಳ ಹೋಯಿತು, ಮೂರು ಕಿಲೋಮೀಟರ್ ದಾಟಿತು. ಬಂಗಾರಪೇಟೆ ಸುತ್ತ ಕಾಡೂ ಇಷ್ಟಿಲ್ಲ. ಹಾಗಿದ್ದೂ 2001ರ ಫೆಬ್ರವರಿ 28ರವರೆಗೆ ಹೇಗೆ ನಡೆಯಿತು?

ಕೋಲಾರದ ಎಳೆಗಳು ಇಲ್ಲಿನದಕ್ಕಿಂತ ಬಹಳ ದೊಡ್ಡವು, ಒಟ್ಟು 800 ಟನ್ ಆಸುಪಾಸು ಚಿನ್ನ ಕೊಟ್ಟವು. ಅದು ನಿಜವೇ. ಆದರೆ ಅಷ್ಟೇ ಅಲ್ಲ. ಕೋಲಾರದ ಗಣಿಗಳೂ ಶುರುವಾಗಿದ್ದು ಉಗಿಯಂತ್ರಗಳಿಂದಲೇ. ಅವೂ ಸುತ್ತಲಿನ ಸೌದೆ ತಿಂದವು. ಆದರೆ 1890ರ ದಶಕದಲ್ಲೇ ಬೌರಿಂಗ್‌ಪೇಟೆಯಿಂದ, ಅಂದರೆ ಈಗಿನ ಬಂಗಾರಪೇಟೆಯಿಂದ, ಗಣಿಗೆ ರೈಲು ಬಂತು. ಕಲ್ಲಿದ್ದಲು ತರಿಸಿಕೊಳ್ಳಲು ದಾರಿಯಾಯಿತು. ಅದಕ್ಕಿಂತ ದೊಡ್ಡ ತಿರುವು 1902ರಲ್ಲಿ. ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ಕರೆಂಟು ತೆಗೆದು, ಸುಮಾರು 92 ಮೈಲಿ ತಂತಿ ಎಳೆದು, ನೇರ ಗಣಿಗೆ ಕೊಟ್ಟರು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಶುರುವಾದ ಕೆಲಸ ಅದು. ಕರೆಂಟು ಹರಿಯುವ ಹೊತ್ತಿಗೆ ಅವರು ಇರಲಿಲ್ಲ. ಬೆಂಗಳೂರಿನ ಬೀದಿಗೆ ಬಲ್ಬು ಬಂದದ್ದು ಮೂರು ವರ್ಷ ಆಮೇಲೆ, 1905ರಲ್ಲಿ. ಮೊದಲು ಗಣಿ, ಆಮೇಲೆ ಊರು.

ಪಂಪು ನಿಲ್ಲಿಸಲು ಆಗುವುದಿಲ್ಲ ಅಂದೆನಲ್ಲ, ಆ ಪಂಪಿಗೆ ಈಗ ಗುಡ್ಡದ ಮರ ಬೇಡ. ನೂರಾರು ಕಿಲೋಮೀಟರ್ ದೂರದ ಕೊಡಗಿನಲ್ಲಿ ಬಿದ್ದ ಮಳೆ ಕೋಲಾರದ ಗಣಿಯ ನೀರನ್ನು ಮೇಲೆತ್ತುತ್ತದೆ. ಇದನ್ನು ಹೇಳಿದಾಗ ಅಪ್ಪ ತಲೆಯಾಡಿಸಿದರು. "ಪವರ್ ಹೋದ್ರೆ ಮೊದ್ಲು ಫೋನ್ ಬರ್ತಿದ್ದಿದ್ದು ಪಂಪ್ ಸೆಕ್ಷನ್ನಿಂದಾನೇ" ಅಂದರು.

ವಾಲ್‌ಹಾಲಾಗೆ ರೈಲು ಬಂದದ್ದು 1910ರಲ್ಲಿ. ಊರಿನವರು ದಶಕಗಳ ಕಾಲ ಕೇಳಿ ಕೇಳಿ ಸಾಕಾದ ಮೇಲೆ. ಮೋ ಊರಿನಿಂದ ಹೊರಟ ಸಣ್ಣ ಅಳತೆಯ ಹಳಿ, ಎರಡೂವರೆ ಅಡಿ ಅಗಲದ್ದು, ಕಣಿವೆಯ ಗೋಡೆಗೆ ಅಂಟಿಕೊಂಡು ಸೇತುವೆ ಮೇಲೆ ಸೇತುವೆ ದಾಟಿ ಬರುತ್ತದೆ. ಕೆಲಸ ಶುರುವಾಗಿದ್ದು 1904ರಲ್ಲಿ. ರೈಲು ಬಂದು ನಾಲ್ಕು ವರ್ಷಕ್ಕೆ ದೊಡ್ಡ ಗಣಿಗಳು ಮುಚ್ಚಿದವು, ಅದೇ ವರ್ಷ ಮಹಾಯುದ್ಧವೂ ಶುರುವಾಯಿತು. ಗಣಿಗೆ ಸಾಮಾನು ತರಲು ಬಂದ ರೈಲು ಊರನ್ನೇ ಬಿಚ್ಚಿ ಸಾಗಿಸಲು ಒದಗಿತು. ಮರದ ಮನೆಗಳನ್ನು ಹಲಗೆ ಹಲಗೆಯಾಗಿ ಬಿಚ್ಚಿ ಬೇರೆ ಊರುಗಳಿಗೆ ಒಯ್ದರು. ಕೊನೆಗೆ ರೈಲ್ವೆ ಸ್ಟೇಷನ್ನೂ ಉಳಿಯಲಿಲ್ಲ. 1938ರಲ್ಲಿ ಆ ಕಟ್ಟಡವನ್ನು ಮೆಲ್ಬರ್ನ್‌ನ ಹಾರ್ಟ್‌ವೆಲ್ ಎಂಬ ಬಡಾವಣೆಗೆ ಸಾಗಿಸಿದರು. ಅದು ಅಲ್ಲಿ ಈಗಲೂ ಸ್ಟೇಷನ್ ಆಗಿಯೇ ಇದೆ. ವಾಲ್‌ಹಾಲಾದಲ್ಲಿ ನೀವು ಕಾಣುವ ಸ್ಟೇಷನ್ ಆಮೇಲೆ ಕಟ್ಟಿದ ನಕಲು.

ಇನ್ನು ಕರೆಂಟಿನ ಕಥೆ. ಈ ಊರಿಗೆ ಹೊರಗಿನಿಂದ ವಿದ್ಯುತ್ ತಂತಿ ಬಂದದ್ದು 1998ರ ಡಿಸೆಂಬರ್‌ನಲ್ಲಿ. ತಪ್ಪು ಓದಲಿಲ್ಲ ನೀವು. ಅಲ್ಲಿಯವರೆಗೆ ಜನರೇಟರು, ಗ್ಯಾಸ್ ದೀಪ, ಸೀಮೆಎಣ್ಣೆ. ಕೆ.ಜಿ.ಎಫ್.ಗೂ ಈ ಊರಿಗೂ ನಡುವೆ 96 ವರ್ಷದ ಅಂತರ.

ಹಾಗಾದರೆ ಈ ಕಾಡು ಎಲ್ಲಿಂದ ಬಂತು?

ಇಲ್ಲಿಯ ಮರಗಳಲ್ಲಿ ಹೆಚ್ಚಿನವು ನಮ್ಮ ನೀಲಗಿರಿ ಮರದ ಜಾತಿಯವು. ನೀಲಗಿರಿ ಅಂತ ನಾವು ಕರೆದರೂ ಅದರ ತವರು ಆಸ್ಟ್ರೇಲಿಯಾವೇ. ಕೋಲಾರ ಜಿಲ್ಲೆಯ ಹೊಲಗಳಲ್ಲಿ ಅದನ್ನು ಬೆಳೆದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು: ಕಡಿದರೆ ಸಾಯುವುದಿಲ್ಲ. ಬುಡದಿಂದ ಮತ್ತೆ ಚಿಗುರುತ್ತದೆ, ಕಬ್ಬಿನ ಕೂಳೆಯ ಹಾಗೆ. ಅಂತರ್ಜಲ ಕುಡಿದು ಹಾಕುತ್ತದೆ ಅಂತ ನಮ್ಮ ಕಡೆ ಬೈಸಿಕೊಂಡಿತು, 2017ರಲ್ಲಿ ಹೊಸದಾಗಿ ನೆಡುವುದಕ್ಕೂ ಸರ್ಕಾರ ತಡೆ ಹಾಕಿತು. ತವರಿನಲ್ಲಿ ಆ ಹಠವೇ ಅದರ ಬಂಡವಾಳ. ತೊಗಟೆಯ ಕೆಳಗೆ, ಬುಡದ ಗಂಟಿನಲ್ಲಿ ಮೊಗ್ಗುಗಳು ಮಲಗಿರುತ್ತವೆ. ಕೊಡಲಿ ಬಿದ್ದರೂ, ಕಾಡ್ಗಿಚ್ಚು ಬಂದರೂ ಎದ್ದು ಚಿಗುರುತ್ತವೆ.

ಎಲ್ಲ ಜಾತಿಯೂ ಹಾಗಲ್ಲ. ಈ ಬೆಟ್ಟಗಳ ಎತ್ತರದ, ಹೆಚ್ಚು ಮಳೆಯ ಕಡೆ ಮೌಂಟನ್ ಆಶ್ ಎಂಬ ಜಾತಿ ಇದೆ. ಹೂ ಬಿಡುವ ಮರಗಳಲ್ಲಿ ಜಗತ್ತಿನಲ್ಲೇ ಅತಿ ಎತ್ತರದವುಗಳಲ್ಲಿ ಒಂದು. ಜೋರು ಬೆಂಕಿ ಬಂದರೆ ಅದು ಸತ್ತೇ ಹೋಗುತ್ತದೆ. ಆದರೆ ಸಾಯುವಾಗ ಬೀಜ ಉದುರಿಸಿ ಹೋಗುತ್ತದೆ, ಬೂದಿಯಲ್ಲಿ ಸಸಿ ಏಳುತ್ತದೆ. ಒಂದಕ್ಕೆ ಕೂಳೆಯ ದಾರಿ, ಇನ್ನೊಂದಕ್ಕೆ ಬಿತ್ತನೆಯ ದಾರಿ.

1914ರ ಆಮೇಲೆ ಜನ ಹೋದರು. ಕೊಡಲಿಯೂ ಹೋಯಿತು. ಬುಡಗಳು ಚಿಗುರಿದವು, ಬೀಜಗಳು ಮೊಳೆತವು, ನೆರಳಿನ ತಾವಿನಲ್ಲಿ ಮರದೆತ್ತರದ ಜರೀಗಿಡಗಳು ಬಂದವು. ನೂರು ವರ್ಷ ನೀಲಗಿರಿಗೆ ಬೇಕಾದಷ್ಟು ಸಮಯ. ನೀವು ಕಾಲುದಾರಿಯಲ್ಲಿ ನಡೆಯುವಾಗ ಒಂದೇ ಬುಡದಿಂದ ಎರಡು ಮೂರು ಕಾಂಡ ಎದ್ದ ಮರ ಕಂಡರೆ ನಿಂತು ನೋಡಿ. ಅದು ಹಿಂದೆ ಒಮ್ಮೆ ಕೊಡಲಿಗೋ ಬೆಂಕಿಗೋ ಸಿಕ್ಕಿದ್ದಿರಬಹುದು. ಪುಟ್ಟ ಊರನ್ನು ದಟ್ಟ ಕಾಡು ಅಪ್ಪಿಕೊಂಡಿದೆ ಅಂತ ಪ್ರವಾಸದ ಜಾಹೀರಾತುಗಳು ಹೇಳುತ್ತವೆ. ವಾಸ್ತವದಲ್ಲಿ ಊರು ಆ ಕಾಡಿಗಿಂತ ಹಳೆಯದು.

ಹೋದರೆ ಏನು ನೋಡಬೇಕು

ಅವಸರ ಇದ್ದರೆ ಒಂದು ದಿನ ಸಾಕು, ಆದರೆ ಒಂದು ರಾತ್ರಿ ಇರಿ. ಗಣಿ ಪ್ರವಾಸ, ಫೋಟೋಗಳು, ಆಮೇಲೆ ರೈಲು. ಹಳೇ ಹಳಿಯ ಕೊನೆಯ ತುಂಡನ್ನು 1990ರ ದಶಕದಿಂದ ಸ್ವಯಂಸೇವಕರು ಮತ್ತೆ ಕಟ್ಟಿದ್ದಾರೆ. ಥಾಮ್ಸನ್ ನದಿಯ ಸ್ಟೇಷನ್‌ನಿಂದ ವಾಲ್‌ಹಾಲಾಗೆ ಸುಮಾರು 4 ಕಿ.ಮೀ. ದಿನಾ ಓಡುವುದಿಲ್ಲ, ಮೊದಲೇ ವೇಳಾಪಟ್ಟಿ ನೋಡಿಕೊಳ್ಳಿ.

ಸ್ಮಶಾನಕ್ಕೆ ಹೋಗಿ. ಕಡಿದಾದ ಗುಡ್ಡದ ಮೇಲೆ ಕಲ್ಲು ಗೋಡೆ ಕಟ್ಟಿ ಮೆಟ್ಟಿಲು ಮೆಟ್ಟಿಲಾಗಿ ಗೋರಿಗಳು. ಇಲ್ಲಿ ಹೆಣವನ್ನು ನಿಲ್ಲಿಸಿಯೇ ಹೂಳುತ್ತಾರೆ ಅಂತ ಹಳೇ ತಮಾಷೆ. ಕಲ್ಲಿನ ಮೇಲಿನ ವಯಸ್ಸು ಓದುತ್ತಾ ಹೋದರೆ ತಮಾಷೆ ನಿಲ್ಲುತ್ತದೆ. ಎಷ್ಟೋ ಮಕ್ಕಳು. ಎಷ್ಟೋ ಗಂಡಸರು ಮೂವತ್ತು ನಲವತ್ತರಲ್ಲೇ. ಬಿಳಿಕಲ್ಲಿನ ದೂಳು ಶ್ವಾಸಕೋಶದಲ್ಲಿ ಕೂತರೆ ಹೊರಗೆ ಬರುವುದಿಲ್ಲ, ಅಲ್ಲೇ ಗಾಯ ಮಾಡಿ ಉಸಿರು ಕಟ್ಟಿಸುತ್ತದೆ. ಕೆ.ಜಿ.ಎಫ್. ಲೈನ್‌ಮನೆಗಳಲ್ಲಿ ಬೆಳೆದವರಿಗೆ ಆ ಕೆಮ್ಮು ಗೊತ್ತು. ಅಪ್ಪ ಅಲ್ಲಿ ಜಾಸ್ತಿ ಹೊತ್ತು ನಿಂತರು. ಮಾತಾಡಲಿಲ್ಲ.

ಕ್ರಿಕೆಟ್ ಮೈದಾನ ಗುಡ್ಡದ ನೆತ್ತಿಯಲ್ಲಿದೆ. ಕಣಿವೆಯಲ್ಲಿ ಪಿಚ್‌ನಷ್ಟು ಸಮತಟ್ಟಾದ ಜಾಗವೂ ಇರಲಿಲ್ಲ, ಅದಕ್ಕೇ ಗುಡ್ಡದ ತಲೆಯನ್ನೇ ತಟ್ಟಿ ಮೈದಾನ ಮಾಡಿದರು. ಹತ್ತಲು ಮುಕ್ಕಾಲು ಗಂಟೆ ಬೇಕು. ಎದುರಾಳಿ ತಂಡ ಹತ್ತಿ ಬರುವಷ್ಟರಲ್ಲೇ ಅರ್ಧ ಸೋತಿರುತ್ತಿತ್ತಂತೆ. ಫೈರ್ ಸ್ಟೇಷನ್ನಿಗೂ ಇದೇ ಜಾಗದ ಸಮಸ್ಯೆ. 1901ರಲ್ಲಿ ಅದನ್ನು ತೊರೆಯ ಮೇಲೆ, ಸೇತುವೆಯ ಹಾಗೆ ಅಡ್ಡಲಾಗಿ ಕಟ್ಟಿದರು.

ನಡೆಯುವ ಹುಚ್ಚಿದ್ದರೆ ಇನ್ನೊಂದು ಸಂಗತಿ. ಆಸ್ಟ್ರೇಲಿಯನ್ ಆಲ್ಪ್ಸ್ ವಾಕಿಂಗ್ ಟ್ರ್ಯಾಕ್ ಎಂಬ ಸುಮಾರು 650 ಕಿ.ಮೀ. ಉದ್ದದ ಕಾಲುದಾರಿ ಈ ಊರಿನಿಂದಲೇ ಶುರುವಾಗಿ ಕ್ಯಾನ್‌ಬೆರಾ ಹತ್ತಿರ ಮುಗಿಯುತ್ತದೆ. ಮೊದಲ ತುಂಡು ಅದೇ ಪಾವರ್ಟಿ ಪಾಯಿಂಟ್ ಸೇತುವೆಯ ಕಡೆ ಹೋಗುತ್ತದೆ. ದಾರಿ ಬಿಟ್ಟು ಕಾಡಿನೊಳಗೆ ನುಗ್ಗಬೇಡಿ. ಮುಚ್ಚದೆ ಬಿಟ್ಟ ಹಳೇ ಶಾಫ್ಟ್‌ಗಳು ಪೊದೆಯೊಳಗೆ ಇರುತ್ತವೆ. ಬೇಸಿಗೆಯಲ್ಲಿ, ಅಂದರೆ ಡಿಸೆಂಬರ್‌ನಿಂದ ಫೆಬ್ರವರಿವರೆಗೆ, ಹೊರಡುವ ಮುಂಚೆ ಕಾಡ್ಗಿಚ್ಚಿನ ಎಚ್ಚರಿಕೆ ನೋಡಿ. ಈ ಊರಿಗೆ ಬರುವ ಹೋಗುವ ದಾರಿಗಳು ಕಡಿಮೆ. ಪೆಟ್ರೋಲ್ ಮೋ ಊರಲ್ಲೇ ಹಾಕಿಸಿಕೊಳ್ಳಿ. ಸಸ್ಯಾಹಾರಿಗಳಾದರೆ ಚಿತ್ರಾನ್ನ ಮೊಸರನ್ನ ಕಟ್ಟಿಕೊಂಡು ಹೋಗುವುದೇ ಕ್ಷೇಮ. ಇಲ್ಲಿ ಖಾಯಂ ಇರುವವರೇ ಇಪ್ಪತ್ತು ಚಿಲ್ಲರೆ ಜನ, ವಾರದ ನಡುವೆ ಹೋದರೆ ಅಂಗಡಿ ತೆರೆದಿರುತ್ತದೆ ಅಂತ ನಂಬಿಕೊಳ್ಳಲಾಗದು.

ನಾವು ಉಳಿದುಕೊಂಡಿದ್ದು ಒಂದು ಹಳೇ ಮರದ ಮನೆಯಲ್ಲಿ. ರಾತ್ರಿ ಚಳಿ ಏರಿತು. ಮನೆಯೊಡತಿ ಒಲೆ ಹಚ್ಚಿಕೊಟ್ಟು, ಪಕ್ಕದಲ್ಲಿ ಒಂದು ಬುಟ್ಟಿ ಸೌದೆ ಇಟ್ಟು, ಇವತ್ತಿಗೆ ಇಷ್ಟರಲ್ಲೇ ಸುಧಾರಿಸಿಕೊಳ್ಳಿ ಅಂತ ನಗುತ್ತಾ ಹೇಳಿದರು. ಸುತ್ತಲಿನ ಕಾಡು ರಕ್ಷಿತ ಪ್ರದೇಶ, ಒಂದು ಕಡ್ಡಿಯನ್ನೂ ಆರಿಸುವ ಹಾಗಿಲ್ಲ. ಸೌದೆ ಕೆಳಗಿನ ಊರಿನಿಂದ ಗಾಡಿಯಲ್ಲಿ ಬರಬೇಕಂತೆ. ನಾನು ಇದನ್ನು ಕನ್ನಡದಲ್ಲಿ ಹೇಳುವಷ್ಟರಲ್ಲಿ ಅಪ್ಪ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಕೊರಡುಗಳನ್ನು ಎಣಿಸುತ್ತಿದ್ದರು.

"ಹದಿನಾಲ್ಕು" ಅಂದರು. "ಬೆಳಿಗ್ಗೆ ಗಂಟ ಬರಲ್ಲ ಕಣೋ. ಶಾಲು ತಗೊಂಬಾ."